ಡಿ ಡ್ರೈವ್‌ನಿಂದ ಸಿಗೆ ಜಾಗ ಕೊಡಿಸಿದ್ದು

ಹಳೇ ಲ್ಯಾಪ್‌ಟಾಪ್‌ನ ಸಿ ಡ್ರೈವ್ ತುಂಬಿ, ಅದರ ಪಟ್ಟಿ ಕೆಂಪಾಗಿ ಬಹಳ ದಿನ ಆಗಿತ್ತು. ಡಿ ಡ್ರೈವ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಖಾಲಿ. ಅಲ್ಲಿಂದ 40 ಜಿಬಿ ತೆಗೆದು ಇಲ್ಲಿಗೆ ಹಾಕಿದರೆ ಆಯ್ತು, ಅಲ್ವಾ? ವಿಂಡೋಸ್ ಅಷ್ಟಕ್ಕೆ ಒಪ್ಪಲಿಲ್ಲ. ಸಿ, ಡಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಅಕ್ಕಪಕ್ಕದ ಭಾಗಗಳು, ಅಂದರೆ ಪಾರ್ಟಿಷನ್‌ಗಳು. ವಿಂಡೋಸ್‌ನದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಯನ್ನು ಕುಗ್ಗಿಸಿದರೆ ಖಾಲಿ ಜಾಗ ಡಿಯ ಬಲಕ್ಕೆ ಬೀಳುತ್ತದೆ. ಸಿ ಇರುವುದು ಎಡಕ್ಕೆ. ಪಕ್ಕದಲ್ಲೇ ಜಾಗ ಇಲ್ಲದಿದ್ದರೆ ಸಿ ಬೆಳೆಯುವುದಿಲ್ಲ.

ಅಂದರೆ ಡಿಯ ಎಡ ಅಂಚನ್ನೇ ಸರಿಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದ ಈ ಕೆಲಸ ಆಗುವುದಿಲ್ಲ. ಹಾಗಾಗಿ ವಿಂಡೋಸ್ ಇಲ್ಲದೆ ಸಿಡಿಯಿಂದಲೇ ಓಡಿ ಪಾರ್ಟಿಷನ್‌ಗಳ ಅಳತೆ ಬದಲಿಸುವ ಜಿಪಾರ್ಟೆಡ್ ಲೈವ್ ಅನ್ನುವ ತಂತ್ರಾಂಶ ಇಳಿಸಿಕೊಂಡು ಸಿಡಿಗೆ ಬರೆದೆ. ಇಳಿಸಿಕೊಂಡದ್ದು ಐಎಸ್ಒ ಫೈಲ್, ಅಂದರೆ ಇಡೀ ಸಿಡಿಯ ಪಡಿಯಚ್ಚು (ಇಮೇಜ್). ಅದನ್ನು ಸುಮ್ನೆ ಕಾಪಿ ಮಾಡಿದರೆ ಸಿಡಿ ಬೂಟ್ ಆಗುವುದಿಲ್ಲ, ಇಮೇಜ್ ಆಗಿಯೇ ಬರೆಯಬೇಕು. ಮುಖ್ಯ ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಶಿಫ್ಟ್ ಒತ್ತಿಕೊಂಡು ಶಟ್‌ಡೌನ್. ಯಾಕೆಂದರೆ ವಿಂಡೋಸ್ 8ರಿಂದೀಚೆಗೆ ಮಾಮೂಲಿ ಶಟ್‌ಡೌನ್ ಅರ್ಧ ನಿದ್ದೆಯಷ್ಟೇ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಸಿಸ್ಟಮ್‌ನ ಒಂದು ಭಾಗ ಹೈಬರ್ನೇಟ್ ಆಗಿರುತ್ತದೆ, ಆ ಸ್ಥಿತಿಯಲ್ಲಿ ಎನ್‌ಟಿಎಫ್ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಪಾರ್ಟಿಷನ್ ಮುಟ್ಟುವುದಕ್ಕೆ ಜಿಪಾರ್ಟೆಡ್ ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು.

ಬೂಟ್ ಮೆನುವಿನಲ್ಲಿ ಸಿಡಿ ಆರಿಸಿದೆ. ಕೀಬೋರ್ಡ್, ಭಾಷೆ ಅಂತ ಕೇಳಿದ್ದಕ್ಕೆಲ್ಲ ಎಂಟರ್ ಒತ್ತಿದೆ. ಇಡೀ ಹಾರ್ಡ್‌ಡಿಸ್ಕ್ ಒಂದು ಉದ್ದ ಪಟ್ಟಿಯಾಗಿ ಕಾಣಿಸಿತು. ತುಂಬಿದ ಜಾಗ ಹಳದಿ, ಖಾಲಿ ಜಾಗ ಬಿಳಿ. ಸಿ ಹೆಚ್ಚುಕಡಿಮೆ ಪೂರ್ತಿ ಹಳದಿ. 320 ಜಿಬಿ ಅಂತ ಬರೆದಿದ್ದ ಡಿಸ್ಕ್ ಇಲ್ಲಿ 298 ಅಂತ ತೋರಿಸಿತು. ಏನೂ ಕಳೆದುಹೋಗಿಲ್ಲ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ.

ಡಿಯ ಸುತ್ತ ಇನ್ನೊಂದು ಚೌಕಟ್ಟು ಇತ್ತು. ಅದು ಎಕ್ಸ್‌ಟೆಂಡೆಡ್ ಪಾರ್ಟಿಷನ್. ಡಿಸ್ಕಿನ ಪಾರ್ಟಿಷನ್‌ಗಳ ಲೆಕ್ಕ ಇಡುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಮಾಡುವಂತಿಲ್ಲ. ಅದಕ್ಕೇ ಈ ಡಬ್ಬಿಯೊಳಗೆ ಡಬ್ಬಿಯ ಉಪಾಯ. ಕೆಲಸವೂ ಅದೇ ಕ್ರಮದಲ್ಲಿ ಆಗಬೇಕು. ಮೊದಲು ಡಿಯ ಎಡ ಅಂಚು, ಆಮೇಲೆ ಹೊರಗಿನ ಚೌಕಟ್ಟಿನ ಎಡ ಅಂಚು, ಕೊನೆಗೆ ಸಿಯನ್ನು ಹಿಗ್ಗಿಸುವುದು. ನಡುವಿನದನ್ನು ಬಿಟ್ಟರೆ ಖಾಲಿ ಜಾಗ ಚೌಕಟ್ಟಿನ ಒಳಗೇ ಉಳಿಯುತ್ತದೆ, ಸಿಗೆ ಸಿಗುವುದಿಲ್ಲ.

ಜಿಪಾರ್ಟೆಡ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು, ಅಂಚು ಎಳೆದ ತಕ್ಷಣ ಏನೂ ಆಗದಿರುವುದು. ಮೂರೂ ಕೆಲಸ ಕೆಳಗಡೆ ಸಾಲಾಗಿ ನಿಂತವು. ಅಪ್ಲೈ ಒತ್ತುವವರೆಗೆ ಡಿಸ್ಕಿಗೆ ಏನೂ ತಾಗುವುದಿಲ್ಲ, ಬೇಡವೆಂದರೆ ಅನ್‌ಡೂ ಇದೆ.

ಚಾರ್ಜರ್ ಸಿಕ್ಕಿಸಿದೆಯಾ ಅಂತ ನೋಡಿ ಅಪ್ಲೈ ಒತ್ತಿದೆ. ಬಲ ಅಂಚು ಕುಗ್ಗಿಸುವುದು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಎಡ ಅಂಚು ಸರಿಸಿದರೆ ಮಾತ್ರ ಪಾರ್ಟಿಷನ್ನಿನ ಡೇಟಾ ಎಲ್ಲ ಹೊಸ ಜಾಗಕ್ಕೆ ಕಾಪಿ ಆಗಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಉಳಿದಿರುವ ಸಮಯ ಅಂತ ಅದು ತೋರಿಸುತ್ತಿದ್ದ ಲೆಕ್ಕವನ್ನು ಸ್ವಲ್ಪ ಹೊತ್ತಾದ ಮೇಲೆ ನಂಬುವುದನ್ನೇ ಬಿಟ್ಟೆ. ಕಡಿಮೆಯಾಗುತ್ತಾ ಬಂದದ್ದು ಇದ್ದಕ್ಕಿದ್ದಂತೆ ಏರಿಬಿಡುತ್ತಿತ್ತು. ಮುಗಿಯುವಷ್ಟರಲ್ಲಿ ರಾತ್ರಿಯಾಗಿತ್ತು.

ಸಿಡಿ ತೆಗೆದು ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ತಾನಾಗಿಯೇ ಡಿಸ್ಕ್ ಚೆಕ್ ಶುರುಮಾಡಿತು. ಹೆದರುವಂಥದ್ದೇನಲ್ಲ, ಎನ್‌ಟಿಎಫ್ಎಸ್ ಅಳತೆ ಬದಲಾದ ಮೇಲೆ ಅದು ಆಗಲೇಬೇಕು. ಸಿಯ ಪಟ್ಟಿ ಮತ್ತೆ ನೀಲಿಯಾಗಿತ್ತು. ಡಿಯ ಫೈಲುಗಳೂ ಇದ್ದಲ್ಲೇ ಇದ್ದವು. ಜಾಗ ಇಲ್ಲ ಅಂತ ತಡೆದು ನಿಂತಿದ್ದ ಒಂದು ದೊಡ್ಡ ಅಪ್‌ಡೇಟ್ ಮರುದಿನವೇ ಬಂದು, ಹೊಸ ಜಾಗದಲ್ಲಿ ಒಂದು ಪಾಲನ್ನು ಗುಳುಂ ಮಾಡಿತು.