ಒಂದು ತೂತು ಮುಂದೆ

ಶನಿವಾರ, 15 ನವೆಂಬರ್ 2025
ಕೋಪನ್‌ಹೇಗನ್

ಪಾತ್ರೆ ತೊಳೆಯುತ್ತಿದ್ದೆ. ಎದುರು ಮನೆ ಅಜ್ಜಿ ಬಾಗಿಲು ತಟ್ಟಿ, "ನಿನ್ನ ಕೈಯಲ್ಲಿ ಬಲ ಇದೆಯಾ?" ಎಂದು ಕೇಳಿದರು. ಅಜ್ಜಿ ಅಂತ ಇಲ್ಲಿ ಬರೆಯೋದು ಅಷ್ಟೇ. ಎದುರಿಗೆ ಹೆಸರು ಹಿಡಿದೇ ಕರೆಯಬೇಕು, ಇಲ್ಲಿ ಬಂದು ಇಷ್ಟು ವರ್ಷವಾದರೂ ನನಗೆ ಬಾಯಿ ಬರುವುದಿಲ್ಲ.

ಬಲ ಬೇಕಾಗಿದ್ದು ಅವರ ಕಿಟಕಿ ಪಕ್ಕದ ಸ್ಪ್ಯಾನಿಷ್ ಚೇರಿಗೆ. ಹೆಸರಷ್ಟೇ ಸ್ಪ್ಯಾನಿಷ್, ಹುಟ್ಟಿದ್ದೆಲ್ಲ ಡೆನ್ಮಾರ್ಕಿನಲ್ಲೇ. ಸ್ಪೇನ್ ಸುತ್ತಿದಾಗ ನೋಡಿದ ಹಳೇ ಚರ್ಮದ ಕುರ್ಚಿಗಳನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿನ ಪೀಠೋಪಕರಣ ವಿನ್ಯಾಸಕ ಬೋರ್ಗೆ ಮೊಗೆನ್ಸೆನ್ 1958ರಲ್ಲಿ ಮಾಡಿದ್ದು. ಓಕ್ ಮರದ ಚೌಕಟ್ಟು, ಕುದುರೆ ಜೀನಿಗೆ ಹಾಕುವಂಥ ದಪ್ಪ ಚರ್ಮ. ಕೈಗಳು ಎಷ್ಟು ಅಗಲ ಅಂದರೆ ಕಾಫಿ ಕಪ್ಪು, ಪುಸ್ತಕ, ಕನ್ನಡಕ ಎಲ್ಲ ಅದರ ಮೇಲೇ ಇಡಬಹುದು, ಪಕ್ಕಕ್ಕೆ ಟೀಪಾಯಿ ಬೇಡ. ಸ್ಪಂಜಿಲ್ಲ, ಸ್ಪ್ರಿಂಗಿಲ್ಲ. ಕೂತವರ ಭಾರವೆಲ್ಲ ಚರ್ಮವೇ ಹೊರಬೇಕು, ಹೊತ್ತೂ ಹೊತ್ತೂ ಅದು ಜೋತು ಬೀಳಲೇಬೇಕು. ಆ ಪುಣ್ಯಾತ್ಮನಿಗೆ ಅದು ಮೊದಲೇ ಗೊತ್ತಿತ್ತು. ಅದಕ್ಕೇ ಸೀಟಿನ ಕೆಳಗೂ ಬೆನ್ನಿನ ಹಿಂದೂ ಪಟ್ಟಿ, ಬಕಲ್ ಇಟ್ಟಿದ್ದಾನೆ. ಸಡಿಲವಾಯ್ತಾ, ಬಿಗಿ ಮಾಡು, ಮತ್ತೆ ಕೂರು.

ಕುರ್ಚಿ ಮಗುಚಿ ನೆಲದ ಮೇಲೆ ಕೂತೆ. ಮೇಲ್ಗಡೆ ಚರ್ಮ ಬೆಳಕು ಬಿದ್ದೂ ಬಿದ್ದೂ ಕಡು ಕಂದಾಗಿದೆ. ಕೆಳಗಿನ ಪಟ್ಟಿಗಳು ಮಾತ್ರ ಇನ್ನೂ ತಿಳಿ ಬಣ್ಣ. ಹಳೇ ತೂತುಗಳು ಎಳೆತಕ್ಕೆ ಉದ್ದಕ್ಕೆ ಹಿಗ್ಗಿವೆ, ಬಕಲ್ ಕೂತಿದ್ದ ಜಾಗದಲ್ಲಿ ಕಪ್ಪು ಗೆರೆ. ಅಜ್ಜಿ ಬಗ್ಗಿ ಬೆರಳಿಟ್ಟು ತೋರಿಸಿದರು. "ಇದು ನನ್ನ ಗಂಡನದ್ದು. ಭಾರೀ ಆಳು. ಇದು ಅವನು ಹೋದ ಮೇಲೆ ಮಗ ಎಳೆದದ್ದು." ನಾನು ಮೊಣಕಾಲು ಕೊಟ್ಟು ಉಸಿರು ಬಿಗಿಹಿಡಿದು ಎಳೆದೆ. ಒಂದು ತೂತು ಮುಂದೆ ಬಂತು. ಅದು ನನ್ನದು ಅನ್ನಿ.

ಇಷ್ಟಕ್ಕೂ ಬಿಗಿ ಮಾಡಿಸಿದ್ದು ಮಾರೋಕೆ. ಅಜ್ಜಿಗೆ ಕೇರ್ ಹೋಮಿನಲ್ಲಿ ಜಾಗ ಸಿಕ್ಕಿದೆ, ಒಂದೇ ಕೋಣೆ. ಅದೂ ಅಲ್ಲದೆ ಈ ಕುರ್ಚಿ ತೀರಾ ತಗ್ಗು, ಕೂತರೆ ಅವರಿಗೆ ಏಳೋಕಾಗಲ್ಲ. ಹರಾಜಿನವನೊಬ್ಬ ಬಂದು ನೋಡಿಕೊಂಡು ಹೋಗಿದ್ದಾನೆ. ಕೈ ಮೇಲಿನ ಗ್ಲಾಸಿನ ಕಲೆ ಉಜ್ಜಬೇಡಿ, ಹಳತಾಗಿ ಕಂಡಷ್ಟೂ ಗಿರಾಕಿ ಜಾಸ್ತಿ ಅಂದನಂತೆ. ಅಜ್ಜಿಗೆ ಪಿತ್ತ ನೆತ್ತಿಗೇರಿದೆ. "ಅದು ಕ್ರಿಸ್‌ಮಸ್ ದಿನ ನನ್ನ ತಂಗಿ ಇಟ್ಟ ವೈನ್ ಗ್ಲಾಸು. ಅವತ್ತು ನಾನು ಅವಳ ಜೊತೆ ಜಗಳ ಆಡಿದೀನಿ. ಈಗ ಕಲೆಗೂ ಬೆಲೆಯಂತೆ!"

ನನಗೂ ಸಿಟ್ಟು ಬಂತು, ಕಾರಣ ಬೇರೆ. ಇದೇ ಮೊಗೆನ್ಸೆನ್ 1942ರಲ್ಲಿ ಇಲ್ಲಿನ ಗ್ರಾಹಕರ ಸಹಕಾರ ಒಕ್ಕೂಟ ಎಫ್‌ಡಿಬಿಗೆ ಸೇರಿ ಅವರ ಪೀಠೋಪಕರಣ ವಿಭಾಗ ನಡೆಸಿದವನು. ದುಡಿಯುವವರ ಮನೆಗೂ ಒಳ್ಳೇ ಕುರ್ಚಿ ಹೋಗಬೇಕು ಅನ್ನೋದೇ ಅಲ್ಲಿಯ ಕೆಲಸ. 1947ರಲ್ಲಿ ಅವನು ಮಾಡಿದ ಜೆ39ಗೆ ಜನರ ಕುರ್ಚಿ ಅಂತಲೇ ಹೆಸರು. ಅವನ ಗೆಳೆಯ ಹಾನ್ಸ್ ವೆಗ್ನರ್ ಬೂಟು ಹೊಲಿಯುವವರ ಮಗ. ವೆಗ್ನರ್ 1949ರಲ್ಲಿ ಮಾಡಿದ ದುಂಡು ಬೆನ್ನಿನ ಕುರ್ಚಿ 1960ರ ಕೆನಡಿ-ನಿಕ್ಸನ್ ಟಿವಿ ಚರ್ಚೆಯಲ್ಲೂ ಇತ್ತು. ಈಗ ನೋಡಿದರೆ ಇವರ ಕುರ್ಚಿ ಕೊಳ್ಳೋಕೆ ಸಂಬಳದ ಜನ ಎರಡು ಸಲ ಯೋಚನೆ ಮಾಡಬೇಕು. ಈ ಸ್ಪ್ಯಾನಿಷ್ ಚೇರು ಹೊಸದರಲ್ಲೂ ಅಗ್ಗದ್ದಲ್ಲ ಬಿಡಿ. ಅಜ್ಜಿ, ಅವರ ಗಂಡ ಇಬ್ಬರೂ ಮೇಷ್ಟ್ರು, ಕೂಡಿಟ್ಟು ಕೊಂಡಿದ್ದಂತೆ. ಇನ್ನೊಂದು ತರೋಣ ಅಂದುಕೊಂಡಿದ್ದು ಹಾಗೇ ಉಳಿಯಿತು.

ಹೊರಡುವಾಗ ಅಜ್ಜಿ ಇದ್ದಕ್ಕಿದ್ದಂತೆ, "ನಿನಗೆ ಬೇಕಾ? ನೀನೇ ಒಂದು ಬೆಲೆ ಹೇಳು" ಅಂದುಬಿಟ್ಟರು. ನಾನು ಡೇನಿಷ್ ಅರ್ಥವಾಗದವಳ ಹಾಗೆ ನಕ್ಕು ಬಂದೆ. ಈ ನಗು ಇಲ್ಲಿ ಬಹಳ ಕಡೆ ಉಪಯೋಗಕ್ಕೆ ಬರುತ್ತದೆ.

ಇವರಿಗೆ ಹೇಳಿದರೆ, "ಎಲ್ಲಿಡ್ತೀಯಾ, ಬಚ್ಚಲಲ್ಲಾ?" ಅಂದರು. ಸಾಗರಕ್ಕೆ ಫೋನ್ ಮಾಡಿದಾಗ ಅಪ್ಪನಿಗೂ ಹೇಳಿದೆ. ಬೆಲ್ಟ್ ಇರೋ ಕುರ್ಚಿ ಅಂದಿದ್ದಕ್ಕೆ ತುಂಬಾ ನಕ್ಕರು. ಆಮೇಲೆ, "ನಮ್ಮ ಆರಾಮ ಕುರ್ಚಿ ಬಟ್ಟೆ ಹರಿದಿದೆ ಮಾರಾಯ್ತಿ, ಹೊಲಿಸಿ ಏನು ಮಾಡೋದು, ನೀವೇನು ಬಂದು ಕೂರ್ತೀರಾ" ಅಂದರು. ನಾನು ಅಡಿಕೆ ರೇಟು ಕೇಳಿದೆ.

ನಾಳೆ ಅಜ್ಜಿಯ ಮಗ ಓಡೆನ್ಸೆಯಿಂದ ಬರುತ್ತಾನಂತೆ. ಅವನೆದುರು ಮಾತು ಎತ್ತೋದೋ, ಅವರೇ ಎತ್ತಲಿ ಅಂತ ಸುಮ್ನಿರೋದೋ. ನಾನು ಹೇಳಬಹುದಾದ ಬೆಲೆ ಹರಾಜಿನವನು ಹೇಳಿದ್ದರ ಕಾಲು ಭಾಗವೂ ಆಗಲ್ಲ. ಹೇಳಿದರೆ ಹೊಂಚು ಹಾಕಿ ಕೂತಿದ್ದಳು ಅಂದುಕೊಳ್ಳುತ್ತಾನೆ. ಹೇಳದೇ ಇದ್ದರೆ ಆ ಕುರ್ಚಿ ಯಾರದೋ ಅಂಗಡಿಯ ಗಾಜಿನ ಹಿಂದೆ, ಕಲೆ ಸಮೇತ, ಮೇಲೊಂದು 'ಕೂರಬೇಡಿ' ಚೀಟಿ ಅಂಟಿಸಿಕೊಂಡು, ಅಜ್ಜಿ ಅದನ್ನ ನೋಡಿದರೆ