ಅರ್ಧ ಲೀಟರಿನ ಲೆಕ್ಕ

ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಯಂತ್ರದಲ್ಲಿ ಶುದ್ಧ ಮಾಡುವ ದಾವಣಗೆರೆಯ ಒಂದು ಡಯಾಲಿಸಿಸ್ ಘಟಕದಲ್ಲಿ ನಾನು ಟೆಕ್ನಿಷಿಯನ್. ಡಾಕ್ಟರ್ ಬೇರೆ ಅಳತೆ ಬರೆಯದಿದ್ದರೆ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: "ದಿನಕ್ಕೆ ಮೂತ್ರ ಎಷ್ಟು ಹೋಗುತ್ತೋ ಅಷ್ಟು, ಅದರ ಮೇಲೆ ಅರ್ಧ ಲೀಟರ್ ನೀರು. ಜಾಸ್ತಿ ಬೇಡ." ವರ್ಷಗಟ್ಟಲೆ ಹೇಳಿದ್ದೇನೆ. ಅರ್ಧ ಲೀಟರೇ ಯಾಕೆ ಅಂತ ಯೋಚಿಸಿರಲಿಲ್ಲ.

ಕೇಳಿದವರು ಹರಿಹರದ ಕಡೆಯ ಒಬ್ಬ ಭತ್ತದ ರೈತರು. ಅವರಿಗೆ ಮೂತ್ರ ಪೂರ್ತಿ ನಿಂತಿತ್ತು. "ಉಸಿರಲ್ಲಿ, ಚರ್ಮದಲ್ಲಿ ದಿನಕ್ಕೆ ಸುಮಾರು 800 ಎಂಎಲ್ ಹೋಗ್ತತಿ ಅಂತೀರಿ. ಕುಡಿಯಾಕೆ 500 ಕೊಡ್ತೀರಿ. ಉಳಿದ 300 ಎಲ್ಲಿಂದ?" ಭದ್ರಾ ಕಾಲುವೆಯ ಸರದಿ ನೀರನ್ನು ಲೆಕ್ಕ ಹಾಕಿ ಬದುಕಿದವರು, ಅಲ್ವಾ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸಲ ಹೇಳ್ತೀನಿ ಅಂದೆ.

ಅವತ್ತು ಸಂಜೆ ನಮ್ಮ ಡಾಕ್ಟರ್ ಬಿಡಿಸಿ ಹೇಳಿದರು. ಆ ನೀರು ನಮ್ಮ ಜೀವಕೋಶಗಳಲ್ಲೇ, ಅವುಗಳೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾದಲ್ಲೇ ಹುಟ್ಟುತ್ತದೆ. ತಿಂದ ಅನ್ನದಿಂದ, ಎಣ್ಣೆಯಿಂದ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳು ಅದರ ಒಳಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಆ ಬಲದಲ್ಲಿ ಪ್ರೋಟಾನ್‌ಗಳು ಪೊರೆಯ ಆಚೆ ಒತ್ತಾಗಿ ತುಂಬಿಕೊಳ್ಳುತ್ತವೆ, ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ವಾಪಸ್ ನುಗ್ಗುವಾಗ ಒಂದು ಪುಟ್ಟ ಯಂತ್ರವನ್ನು ನಿಜವಾಗಿಯೂ ಗಿರಗಿರ ತಿರುಗಿಸುತ್ತವೆ. ಜೀವಕೋಶದ ಇಂಧನವಾದ ಎಟಿಪಿ ತಯಾರಾಗುವುದು ಅಲ್ಲಿ. ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಈ ಒತ್ತಡದ ವಿಚಾರ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅದಕ್ಕೇ ನೊಬೆಲ್ ಬಂತು.

ದಣಿದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಹಿಡಿದುಕೊಳ್ಳುವುದು ಆಮ್ಲಜನಕ. ಅದಕ್ಕೆ ಪ್ರೋಟಾನ್ ಸೇರಿದರೆ ನೀರು. ನಾವು ಎಳೆದುಕೊಂಡ ಆಮ್ಲಜನಕವೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಬರುತ್ತದೆ ಅಂತ ನಾನು ನಂಬಿದ್ದೆ. ಅದು ನೀರಾಗುತ್ತದೆ! 100 ಗ್ರಾಂ ಕೊಬ್ಬು ಉರಿದರೆ ಸುಮಾರು 107 ಗ್ರಾಂ ನೀರು. ಕೊಬ್ಬಿಗಿಂತ ನೀರೇ ಹೆಚ್ಚು ತೂಗುತ್ತದೆ, ಯಾಕೆಂದರೆ ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರಿದೆ. ದೊಡ್ಡವರ ಮೈಯಲ್ಲಿ ಹೀಗೆ ದಿನಕ್ಕೆ ಸುಮಾರು 300 ಎಂಎಲ್ ಆಗುತ್ತದೆ.

ಮುಂದಿನ ಸರದಿಗೆ ಬಂದಾಗ ಅವರಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರೆ ಮೈಯೊಳಗ ಒಂದು ಒರತೆ ಐತಿ ಅನ್ರಿ."

ಈಗ ಹೊಸಬರು ಬಂದರೆ ಚೀಟಿಯ ಹಿಂದೆ 800 ಬರೆದು 300 ಕಳೆದು ತೋರಿಸುತ್ತೇನೆ. ಕಾರಣ ಗೊತ್ತಾದ ಮೇಲೆ ಜನ ಗದರಿಸದೆಯೇ ಕೇಳುತ್ತಾರೆ. ಬಾಯಾರಿಕೆ ತಡೆಯುವುದು ಸಣ್ಣ ಕಷ್ಟವಲ್ಲ, ಅದೂ ಇಲ್ಲಿನ ಏಪ್ರಿಲ್‌ನಲ್ಲಿ.

ಮೊನ್ನೆ ಆ ರೈತರು ಮತ್ತೆ ಕೇಳಿದರು: "ಮಜ್ಜಿಗೆ ಯಾವ ಲೆಕ್ಕಕ್ಕೆ?"

ಅರ್ಧ ಲೀಟರಿನ ಲೆಕ್ಕಕ್ಕೇ ಅಂದೆ.