ದೆಹಲಿ ನೋಡಲು ಮೂರು ದಿನ ಸಾಕಾ?

ನಾನು ದೆಹಲಿಯಲ್ಲಿ ಇದ್ದೇನೆ ಅಂತ ಗೊತ್ತಿರುವವರೆಲ್ಲ ರಜೆ ಹತ್ತಿರ ಬಂದಾಗ ಫೋನ್ ಮಾಡುತ್ತಾರೆ. ಚಿಕ್ಕಮ್ಮನ ಮಗ, ಜೊತೆಯಲ್ಲಿ ಓದಿದವರು, ಅಣ್ಣನ ಆಫೀಸಿನವರು, ಯಾರೇ ಆದರೂ ಪ್ರಶ್ನೆ ಮಾತ್ರ ಒಂದೇ. "ಮನೆಯವರೆಲ್ಲ ಬರ್ತಾ ಇದೀವಿ, ಮೂರು ದಿನ ಇರ್ತೀವಿ. ಸಾಕಾಗುತ್ತಾ? ಆಗ್ರಾನೂ ಸೇರಿಸ್ಕೋಬಹುದಲ್ವಾ?" ಹಿಂದೆಯೇ ವಾಟ್ಸ್ಯಾಪ್‌ನಲ್ಲಿ ಒಂದು ಪಟ್ಟಿ ಬಂದು ಬೀಳುತ್ತದೆ. ಕೆಂಪುಕೋಟೆಯಿಂದ ಹಿಡಿದು ಅಕ್ಷರಧಾಮದವರೆಗೆ, ನಡುವೆ ಸರೋಜಿನಿ ನಗರದ ಶಾಪಿಂಗ್ ಕೂಡ.

ಮೂರು ದಿನ ಸಾಕು. ಆ ಪಟ್ಟಿಗೆ ಸಾಲದು, ಅಷ್ಟೆ.

ಮೊದಲು ಪಟ್ಟಿ ಪಕ್ಕಕ್ಕಿಟ್ಟು ಮ್ಯಾಪ್ ತೆಗೆದು ನೋಡಿ. ಮೈಸೂರಿನಲ್ಲಾದರೆ ಬೆಳಗ್ಗೆ ಅರಮನೆ ನೋಡಿ, ಮಧ್ಯಾಹ್ನ ಝೂ ಸುತ್ತಿ, ಸಂಜೆ ಬೆಟ್ಟ ಹತ್ತಿ ರಾತ್ರಿ ಊಟಕ್ಕೆ ರೂಮಿಗೆ ಬಂದುಬಿಡಬಹುದು. ದೆಹಲಿ ಹಾಗಲ್ಲ. ಇಲ್ಲಿ ಬಂದ ಒಬ್ಬೊಬ್ಬ ದೊರೆಯೂ ತನಗೆ ಬೇಕಾದ ಕಡೆ ಹೊಸದಾಗಿ ಊರು ಕಟ್ಟಿಕೊಂಡ. 12ನೇ ಶತಮಾನದ ಕೊನೆಯಲ್ಲಿ ಕುತುಬ್ ಮಿನಾರ್ ಎದ್ದದ್ದು ದಕ್ಷಿಣದ ಮೆಹ್ರೌಲಿಯಲ್ಲಿ. 1648ರಲ್ಲಿ ಷಹಜಹಾನ್ ಕೋಟೆ ಮುಗಿಸಿದ್ದು ಉತ್ತರದಲ್ಲಿ, ಯಮುನೆಯ ದಂಡೆಗೆ. ಕಲ್ಕತ್ತೆಯಿಂದ ರಾಜಧಾನಿ ಇಲ್ಲಿಗೆ ಬರುತ್ತದೆ ಅಂತ 1911ರಲ್ಲಿ ಸಾರಿದ ಬ್ರಿಟಿಷರು ಇವೆರಡರ ನಡುವೆ ಹೊಸ ದೆಹಲಿ ಕಟ್ಟಿ 1931ರಲ್ಲಿ ಉದ್ಘಾಟನೆ ಮಾಡಿದರು. ಅಕ್ಷರಧಾಮ ಹೊಳೆ ದಾಟಿ ಆಚೆ. ಕೆಂಪುಕೋಟೆಯಿಂದ ಕುತುಬ್ ಮಿನಾರ್‌ಗೆ ರಸ್ತೆಯಲ್ಲಿ ಸುಮಾರು 18-20 ಕಿಲೋಮೀಟರ್, ಅದೂ ದೆಹಲಿ ಟ್ರಾಫಿಕ್‌ನಲ್ಲಿ. ಒಂದೇ ದಿನ ಎರಡನ್ನೂ ನೋಡುತ್ತೇನೆ ಅಂದವರು ನಿಜವಾಗಿ ನೋಡುವುದು ಮುಂದಿನ ಕಾರಿನ ನಂಬರ್ ಪ್ಲೇಟ್.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು. ದಿನಕ್ಕೆ ಒಂದೇ ದಿಕ್ಕು. ಆ ದಿಕ್ಕಿನಲ್ಲಿ ಬೆಳಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನದ ಮೇಲೆ ಒಂದು ಚಿಕ್ಕದು. ಮೂರನೆಯದು ಆದರೆ ಆಯಿತು, ಬಿಟ್ಟರೆ ಬಿಟ್ಟಿತು.

ಅದಕ್ಕೂ ಮೊದಲು ಕ್ಯಾಲೆಂಡರ್‌ನಲ್ಲಿ ಸೋಮವಾರ ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ. ಕೆಂಪುಕೋಟೆ ಸೋಮವಾರ ರಜೆ. ಅಕ್ಷರಧಾಮ, ಲೋಟಸ್ ಟೆಂಪಲ್, ನ್ಯಾಷನಲ್ ಮ್ಯೂಸಿಯಂ, ರೈಲ್ ಮ್ಯೂಸಿಯಂ ಎಲ್ಲ ಅವತ್ತೇ ಬಾಗಿಲು ಹಾಕುತ್ತವೆ. ಸರೋಜಿನಿ ನಗರ ಮಾರ್ಕೆಟ್ಟೂ ಅಷ್ಟೆ. ಶನಿವಾರ ಭಾನುವಾರದ ಜೊತೆ ಸೋಮವಾರ ಒಂದು ರಜೆ ಹಾಕಿ ಬರುವವರೇ ಜಾಸ್ತಿ, ಹಾಗಾಗಿ ಸಿಕ್ಕಿಕೊಳ್ಳುವವರೂ ಜಾಸ್ತಿ. ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ವಾರದ ಏಳೂ ದಿನ ತೆರೆದಿರುತ್ತವೆ, ಸೋಮವಾರಕ್ಕೆ ಅವನ್ನು ಇಟ್ಟುಕೊಳ್ಳಿ. ಇನ್ನೊಂದು, ಆಗಸ್ಟ್ 15ಕ್ಕೆ ಮುಂಚೆ ಕೆಲವು ದಿನ ಕೋಟೆಯೊಳಗೆ ಜನರನ್ನು ಬಿಡುವುದಿಲ್ಲ. ಜನವರಿ ಕೊನೆಯಲ್ಲಿ ಪರೇಡು, ಅದರ ರಿಹರ್ಸಲ್ಲು ಅಂತ ಇಂಡಿಯಾ ಗೇಟ್ ಸುತ್ತ ರಸ್ತೆ ಮುಚ್ಚುತ್ತಿರುತ್ತಾರೆ.

ಹಳೇ ದೆಹಲಿಯ ದಿನಕ್ಕೆ ಬೇಗ ಏಳಿ. ಮೆಟ್ರೊದ ನೇರಳೆ ಲೈನಿನಲ್ಲಿ ಲಾಲ್ ಕಿಲಾ ಅಂತಲೇ ಸ್ಟೇಷನ್ ಇದೆ. ಕೋಟೆ ಒಳಗೆ ತುಂಬಾ ನಡೆಯಬೇಕು, ನೆರಳು ಕಡಿಮೆ, ಬಿಸಿಲೇರುವ ಮುಂಚೆ ಮುಗಿಸಿದಷ್ಟೂ ಒಳ್ಳೆಯದು. ಹೊರಗೆ ಬಂದರೆ ಎದುರಿಗೇ ಕೆಂಪು ಕಲ್ಲಿನ ದಿಗಂಬರ ಜೈನ ಮಂದಿರ. ಮಂದಿರಕ್ಕೆ ಸೇರಿದಂತೆ ಒಂದು ಹಕ್ಕಿಗಳ ಆಸ್ಪತ್ರೆ ಇದೆ, ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಮಕ್ಕಳಿದ್ದರೆ ಇದನ್ನು ಬಿಡಲೇಬೇಡಿ. ಸಾಲು ಸಾಲು ಗೂಡು, ಗಾಯವಾದ ಪಾರಿವಾಳ, ಗಿಳಿ, ಅವುಗಳಿಗೆ ಮದ್ದು ಹಚ್ಚುವವರು. ಕೋಟೆಯಲ್ಲಿ "ಇನ್ನೂ ಎಷ್ಟು ನಡೀಬೇಕಮ್ಮಾ" ಅಂತ ರಾಗ ತೆಗೆಯುತ್ತಿದ್ದ ಮಕ್ಕಳು ಇಲ್ಲಿಂದ ಹೊರಡು ಅಂದರೆ ಹೊರಡುವುದಿಲ್ಲ.

ಅಲ್ಲಿಂದ ಚಾಂದನಿ ಚೌಕ್. ಕೋಟೆಯ ಕಡೆಯಿಂದ ಫತೇಪುರಿ ಮಸೀದಿವರೆಗಿನ ಮುಖ್ಯ ಬೀದಿಯಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ, ಸೈಕಲ್ ರಿಕ್ಷಾ ಮಾತ್ರ. ನಡೆಯಲಾಗದ ಹಿರಿಯರಿದ್ದರೆ ರಿಕ್ಷಾ ಮಾಡಿ, ಹತ್ತುವ ಮೊದಲೇ ರೇಟು ಮಾತಾಡಿ. ಸೀಟು ಸ್ವಲ್ಪ ಮುಂದಕ್ಕೆ ವಾಲಿರುತ್ತದೆ, ಜಾರಿದ ಹಾಗಾಗುತ್ತದೆ, ಪಕ್ಕದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ಕೂರಲು ಅಜ್ಜಿಗೆ ಹೇಳಿ. ಪರಾಠೆ ವಾಲಿ ಗಲಿಗೆ ಹೋಗುವುದಾದರೆ ಒಂದು ಮಾತು ನೆನಪಿರಲಿ, ಅಲ್ಲಿಯ ಪರಾಠ ಕಾವಲಿಯ ಮೇಲೆ ಬೇಯಿಸಿದ್ದಲ್ಲ, ಬಾಣಲೆಯಲ್ಲಿ ಕರಿದದ್ದು. ನಾಲ್ಕು ಜನಕ್ಕೆ ಎರಡು ಪ್ಲೇಟು ಹೇಳಿ ನೋಡಿ, ಬೇಕಾದರೆ ಆಮೇಲೆ ಮತ್ತೆ ಹೇಳಿದರಾಯಿತು. ಭಾನುವಾರ ಇಲ್ಲಿ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಸೀರೆ ತಗೋಬೇಕು ಅನ್ನುವವರಿಗೆ ಅದು ನಷ್ಟ, ನನ್ನ ಹಾಗೆ ಸುಮ್ನೆ ಬೀದಿ ನೋಡುವವರಿಗೆ ಲಾಭ. ಜಾಮಾ ಮಸೀದಿ ಹತ್ತಿರದಲ್ಲೇ ಇದೆ. ನಮಾಜಿನ ಹೊತ್ತಿನಲ್ಲಿ ನೋಡಲು ಬಂದವರನ್ನು ಬಿಡುವುದಿಲ್ಲ, ಮೈ ತುಂಬ ಬಟ್ಟೆ ಇರಬೇಕು, ಮೆಟ್ಟಿಲು ಸಾಕಷ್ಟಿವೆ.

ಇಷ್ಟಾದ ಮೇಲೆ ಅವತ್ತಿಗೆ ಬೇರೇನೂ ಇಟ್ಟುಕೊಳ್ಳಬೇಡಿ. ರೂಮಿಗೆ ಹೋಗಿ ಮಲಗಿ. ಸಂಜೆ ಕಾಲು ಹಗುರಾದರೆ ಬಾಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋಗಿ ಬನ್ನಿ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬಟ್ಟೆ ಅಲ್ಲೇ ಕೊಡುತ್ತಾರೆ. ಕೊಳದ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ, ಲಂಗರ್‌ನಲ್ಲಿ ಊಟವೂ ಆಗುತ್ತದೆ.

ನಡುವಿನ ದೆಹಲಿಯ ದಿನ ಸುಲಭ. ಇಂಡಿಯಾ ಗೇಟ್, ಅದರ ಹಿಂದೆಯೇ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಎಲ್ಲರೂ ಗೇಟಿನ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ, ಸ್ಮಾರಕದ ಒಳಗೆ ಹೋಗುವುದಿಲ್ಲ. ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಅಲ್ಲಿಯ ಗೋಡೆಗಳ ಮೇಲಿವೆ, ಇಟ್ಟಿಗೆಯಷ್ಟಷ್ಟು ಕಲ್ಲಿಗೆ ಒಂದೊಂದು ಹೆಸರು. ಬಂದವರು ಬೆರಳಿಟ್ಟುಕೊಂಡು ಹುಡುಕುತ್ತಿರುತ್ತಾರೆ. ಟಿಕೆಟ್ ಏನೂ ಇಲ್ಲ.

ಮ್ಯೂಸಿಯಂ ವಿಷಯಕ್ಕೆ ಬಂದರೆ ಒಂದೇ ಒಂದು ಆರಿಸಿಕೊಳ್ಳಿ, ಯಾವುದು ಅನ್ನುವುದು ನಿಮ್ಮ ಮನೆಯವರ ಮೇಲೆ. ನಾನು ಯಾರಿಗಾದರೂ ಮೊದಲು ಹೇಳುವುದು ಚಾಣಕ್ಯಪುರಿಯ ರೈಲ್ ಮ್ಯೂಸಿಯಂ. ಹಳೇ ಇಂಜಿನ್ನುಗಳು ಬಯಲಲ್ಲೇ ನಿಂತಿವೆ, ಮಕ್ಕಳು ಓಡಾಡಬಹುದು, ಪುಟಾಣಿ ರೈಲು ಇದೆ, ನಮ್ಮ ಮೈಸೂರು ಮಹಾರಾಜರ ಸಲೂನ್ ಬೋಗಿಯೂ ಅಲ್ಲೇ ಇದೆ. ಓದುವ ಹವ್ಯಾಸದವರಿಗೆ ನ್ಯಾಷನಲ್ ಮ್ಯೂಸಿಯಂ. ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿರುವ ಮೊಹೆಂಜೊದಾರೊದ ನರ್ತಕಿ ಇರುವುದು ಇಲ್ಲೇ. ಚಿತ್ರದಲ್ಲಿ ನೋಡಿ ಆಳೆತ್ತರದ ಮೂರ್ತಿ ಅಂದುಕೊಂಡಿರುತ್ತೇವೆ, ಎದುರು ನಿಂತರೆ 10.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ! ರಾಜಕೀಯ ಮಾತಾಡುವ ಮಾವನವರು ಜೊತೆಗಿದ್ದರೆ ತೀನ್ ಮೂರ್ತಿಯ ಪ್ರಧಾನಮಂತ್ರಿ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ, ನೆಹರೂ ಅವರಿಂದ ಹಿಡಿದು ನಮ್ಮ ದೇವೇಗೌಡರವರೆಗೆ ಎಲ್ಲರೂ ಸಿಗುತ್ತಾರೆ, ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ದಕ್ಷಿಣದ ದಿನ ಕುತುಬ್ ಮಿನಾರ್ ಮತ್ತು ಹುಮಾಯೂನ್ ಸಮಾಧಿ. ಕುತುಬ್ ಮಿನಾರ್ ಮೆಟ್ರೊ ಸ್ಟೇಷನ್ ಅಂದ ಮಾತ್ರಕ್ಕೆ ಇಳಿದ ಕೂಡಲೇ ಮಿನಾರ್ ಸಿಗುವುದಿಲ್ಲ, ಅಲ್ಲಿಂದ ಆಟೋ ಬೇಕು. 73 ಮೀಟರ್ ಎತ್ತರದ ಕಂಬ, ಒಳಗಿನ ಮೆಟ್ಟಿಲು 1981ರ ಕಾಲ್ತುಳಿತದ ನಂತರ ಮುಚ್ಚಿದ್ದಾರೆ, ಹೊರಗಿನಿಂದ ನೋಡುವುದಷ್ಟೆ. ಅಂಗಳದಲ್ಲಿರುವ ಕಬ್ಬಿಣದ ಕಂಬಕ್ಕೆ ಸುಮಾರು 1600 ವರ್ಷ ವಯಸ್ಸು, ಇವತ್ತಿಗೂ ಹೇಳಿಕೊಳ್ಳುವಂಥ ತುಕ್ಕಿಲ್ಲ. ಕಬ್ಬಿಣದಲ್ಲಿರುವ ರಂಜಕ ಮೇಲ್ಮೈ ಮೇಲೆ ತೆಳುವಾದ ಪದರ ಕಟ್ಟಿ ಅದನ್ನು ಕಾಯುತ್ತಿದೆ ಅಂತ ಅದನ್ನು ಪರೀಕ್ಷೆ ಮಾಡಿದವರು ಹೇಳುತ್ತಾರೆ. ಹೈಸ್ಕೂಲು ಓದುವ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಗೈಡ್ ಹೇಳುವ ಕಥೆಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ಒಂದೇ ಜಾಗ ನೋಡುವಷ್ಟು ಹೊತ್ತಿದೆ, ಯಾವುದು ಹೇಳು ಅಂದರೆ ನನ್ನ ಓಟು ಹುಮಾಯೂನ್ ಸಮಾಧಿಗೆ. 16ನೇ ಶತಮಾನದ್ದು, ತಾಜ್ ಮಹಲ್‌ಗಿಂತ ಹಳೆಯದು, ಅವನ ಹೆಂಡತಿ ಕಟ್ಟಿಸಿದ್ದು. ತೋಟ ದೊಡ್ಡದು, ಜನ ಕಡಿಮೆ, ಕೂರಲು ನೆರಳು. ಆದರೆ ಸಮಾಧಿಯ ಕಟ್ಟೆಗೆ ಹತ್ತುವ ಮೆಟ್ಟಿಲು ಕಡಿದು, ಒಂದೊಂದು ಮೆಟ್ಟಿಲೂ ಎತ್ತರ. ಮಂಡಿನೋವಿನವರು ಹತ್ತಿಬಿಡುತ್ತಾರೆ, ಇಳಿಯುವಾಗ ಅಡ್ಡಡ್ಡ ತಿರುಗಿಕೊಂಡು ಗೋಡೆ ಹಿಡಿದು ಒಂದೊಂದೇ ಕಾಲು ಇಡಬೇಕಾಗುತ್ತದೆ. ಅಂಥವರನ್ನು ಕೆಳಗೆ ಮರದಡಿ ಕೂರಿಸಿ, ಒಬ್ಬರು ಜೊತೆಗಿದ್ದು, ಉಳಿದವರು ಹೋಗಿ ಬನ್ನಿ. ಕೆಳಗಿನಿಂದ ಕಾಣುವ ನೋಟವೇ ಹೆಚ್ಚು ಚೆಂದ ಅಂತ ನನಗಂತೂ ಅನ್ನಿಸುತ್ತದೆ. ಈ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡವರ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದರೆ ಕ್ಯೂ ತಪ್ಪುತ್ತದೆ.

ಅಕ್ಷರಧಾಮ ಬೇಕೇ ಬೇಕು ಅನ್ನುವವರು ಬಹಳ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಅರ್ಧ ದಿನ ಬರೆದಿಡಿ. ಫೋನ್, ಕ್ಯಾಮೆರಾ, ಬ್ಯಾಗ್ ಯಾವುದೂ ಒಳಗೆ ಬಿಡುವುದಿಲ್ಲ, ಕ್ಲೋಕ್ ರೂಮಿನಲ್ಲಿಟ್ಟು ತಪಾಸಣೆ ಮುಗಿಸಿ ಒಳಗೆ ಹೋಗುವಷ್ಟರಲ್ಲೇ ಹೊತ್ತು ಹೋಗುತ್ತದೆ. ಒಳಗೆ ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಫೋನ್ ಮಾಡಿ ಹುಡುಕುವ ಹಾಗಿಲ್ಲ, ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಲೋಟಸ್ ಟೆಂಪಲ್ ಹೊರಗಿನಿಂದ ಚೆಂದ, ಒಳಗೆ ಮಾತಾಡದೆ ಕೂರುವ ಒಂದು ದೊಡ್ಡ ಹಾಲ್. ರಜಾ ದಿನಗಳ ಕ್ಯೂ ನೋಡಿದರೆ ನಾನಾಗಿದ್ದರೆ ಬಿಡುತ್ತಿದ್ದೆ.

ಇನ್ನು ಆಗ್ರಾ. ಮೂರು ದಿನದಲ್ಲಿ ಆಗ್ರಾ ಸೇರಿಸಿದರೆ ದೆಹಲಿಗೆ ಉಳಿಯುವುದು ಎರಡು ದಿನ, ಅದರಲ್ಲೂ ಒಂದು ದಿನ ಎಲ್ಲರೂ ಸುಸ್ತು. ಆದರೂ ಅಮ್ಮನಿಗೆ ತಾಜ್ ಮಹಲ್ ತೋರಿಸಲೇಬೇಕು ಅಂತಿದ್ದರೆ ಮೇಲೆ ಹೇಳಿದ್ದರಲ್ಲಿ ಒಂದು ದಿಕ್ಕನ್ನು ಪೂರ್ತಿ ಕೈಬಿಡಿ, ಮೂರನ್ನೂ ಅರ್ಧ ಅರ್ಧ ಮಾಡಬೇಡಿ. ಕಾರಿಗಿಂತ ರೈಲು ಒಳ್ಳೆಯದು. ಹಜರತ್ ನಿಜಾಮುದ್ದೀನ್‌ನಿಂದ ಬೆಳಗ್ಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು 100 ನಿಮಿಷಕ್ಕೆ ಆಗ್ರಾ ಮುಟ್ಟಿಸುತ್ತದೆ, ಸಂಜೆ ಅದರಲ್ಲೇ ವಾಪಸ್. ತಾಜ್ ಮಹಲ್‌ಗೆ ಶುಕ್ರವಾರ ರಜೆ, ಈ ರೈಲೂ ಶುಕ್ರವಾರ ಇಲ್ಲ. ಪ್ರವೇಶಕ್ಕೆ 50 ರೂಪಾಯಿ, ಮುಖ್ಯ ಸಮಾಧಿಯ ಒಳಗೆ ಹೋಗಬೇಕೆಂದರೆ ಇನ್ನೂ 200.

ರೂಮ್ ಎಲ್ಲಿ ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಯಾವಾಗಲೂ ಒಂದೇ. ಮೆಟ್ರೊ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ. ಕರೋಲ್ ಬಾಗ್ ಆಗಬಹುದು, ಹೋಟೆಲು ಹೇರಳವಾಗಿವೆ, ಇಡ್ಲಿ ದೋಸೆಯೂ ಸಿಗುತ್ತದೆ. ಮುನ್ನೂರು ರೂಪಾಯಿ ಉಳಿಯುತ್ತದೆ ಅಂತ ಊರಾಚೆ ರೂಮ್ ಮಾಡಿದರೆ ಆ ಉಳಿತಾಯವನ್ನು ಕ್ಯಾಬಿನವನಿಗೆ ಕೊಡುತ್ತೀರಿ, ಜೊತೆಗೆ ದಿನಕ್ಕೆ ಎರಡು ಗಂಟೆ ಹೊತ್ತು ಬೇರೆ. ಮೆಟ್ರೊದಲ್ಲಿ ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗ್ ಸ್ಕ್ಯಾನ್ ಇದೆ, ಹೆಂಗಸರಿಗೆ ತಪಾಸಣೆಯ ಸಾಲು ಬೇರೆ, ಮೊದಲ ಬೋಗಿಯೂ ಅವರಿಗೇ. ಮನೆಯವರೆಲ್ಲ ಒಟ್ಟಿಗೆ ಇರಬೇಕೆಂದರೆ ಎರಡನೇ ಬೋಗಿಯ ಹತ್ತಿರ ನಿಂತುಕೊಳ್ಳಿ. ರಾಜೀವ್ ಚೌಕ್‌ನಲ್ಲಿ ಸಂಜೆ ಆಫೀಸು ಬಿಡುವ ಹೊತ್ತಿಗೆ ಲೈನು ಬದಲಾಯಿಸುವ ಯೋಚನೆ ಮಾತ್ರ ಮಾಡಬೇಡಿ, ಆ ನೂಕಾಟದಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲುವುದೇ ಕಷ್ಟ. ಐದರೊಳಗೆ ರೂಮು, ಇಲ್ಲವೇ ಎಂಟರ ಮೇಲೆ ಹೊರಡುವುದು.

ಯಾವಾಗ ಬರಬೇಕು? ಫೆಬ್ರವರಿಯಿಂದ ಮಾರ್ಚ್ ಅರ್ಧದವರೆಗೆ, ರಾಷ್ಟ್ರಪತಿ ಭವನದ ಅಮೃತ ಉದ್ಯಾನವೂ ಆಗ ತೆರೆದಿರುತ್ತದೆ. ಆದರೆ ನಮ್ಮ ಮಕ್ಕಳಿಗೆ ಆಗ ಪರೀಕ್ಷೆ, ಏನು ಮಾಡುವುದು! ದಸರಾ ರಜೆ ಪರವಾಗಿಲ್ಲ, ಹಗಲು ಬಿಸಿಲಿದ್ದರೂ ತಡೆಯಬಹುದು. ದೀಪಾವಳಿ ಆಸುಪಾಸಿನಿಂದ ಹೊಗೆ ಕವಿಯುತ್ತದೆ, ಉಬ್ಬಸದವರಿದ್ದರೆ ನವೆಂಬರ್ ಬೇಡವೇ ಬೇಡ. ಡಿಸೆಂಬರ್ ಕೊನೆಯಿಂದ ಜನವರಿ ಪೂರ್ತಿ ಮಂಜು, ವಿಮಾನ ರೈಲು ಎರಡೂ ತಡ. ಬೇಸಿಗೆ ರಜೆಗೆ ಬರುತ್ತೇವೆ ಅನ್ನುವವರಿಗೆ ನಾನು ನೇರವಾಗಿ ಬೇಡ ಅನ್ನುತ್ತೇನೆ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಚಪ್ಪಲಿ ಬಿಟ್ಟು ಮಸೀದಿಯ ಕಲ್ಲಿನ ಅಂಗಳ ದಾಟುವುದನ್ನು ಸುಮ್ನೆ ಒಮ್ಮೆ ನೆನೆಸಿಕೊಳ್ಳಿ.

ವಾಪಸ್ ಹೊರಡುವ ದಿನ ಟಿಕೆಟ್ ಮೇಲೆ ಯಾವ ಟರ್ಮಿನಲ್ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ನ್ಯೂ ಡೆಲ್ಲಿ ಸ್ಟೇಷನ್ನಿನಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಸುಮಾರು 20 ನಿಮಿಷಕ್ಕೆ ಟರ್ಮಿನಲ್ 3 ಮುಟ್ಟಿಸುತ್ತದೆ. ಆದರೆ ಟರ್ಮಿನಲ್ 1 ಬೇರೆಯೇ ಕಡೆ ಇದೆ, ಅದಕ್ಕೆ ಮೆಜೆಂಟಾ ಲೈನ್ ಹಿಡಿಯಬೇಕು. ಒಂದರಿಂದ ಇನ್ನೊಂದಕ್ಕೆ ಲಗೇಜ್ ಎಳೆದುಕೊಂಡು ನಡೆದು ಹೋಗುವ ದೂರವಲ್ಲ.